ಕಲ್ಲು ತೆಗೆದು ಲಿಂಬೆಹಣ್ಣು ಇಟ್ಟ ದಿನ

ಯಾರಾದರೂ ಕಾರಿನ ಕೀಲಿ ತಿರುಗಿಸುವ ಸದ್ದು ಕೇಳಿದರೆ ಇಂದಿಗೂ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಬಸ್ಸಿನಲ್ಲಿ ಕೂತಿದ್ದರೂ ಅಷ್ಟೆ, ಕ್ಲಾಸಿನಲ್ಲಿ ನಿಂತು ಪಾಠ ಮಾಡುತ್ತಿದ್ದರೂ ಅಷ್ಟೆ. ನಾನು ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇದಕ್ಕೆ ಪ್ರತಿಫಲಿತ ಕ್ರಿಯೆ ಎನ್ನುತ್ತಾರೆ ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಬಲ್ಲೆ. ಕಾಲು ಮಾತ್ರ ನನ್ನ ಪಾಠ ಕೇಳುವುದಿಲ್ಲ.

ಅದು ಶುರುವಾದದ್ದು ನಮ್ಮತ್ತೆಯ ಕಣ್ಣಿನಿಂದ. ಎರಡೂ ಕಣ್ಣಿಗೆ ಮೋತಿಬಿಂದು ಬಂದಿತ್ತು. ಬಲಗಣ್ಣಿನ ಪೊರೆ ಹಣ್ಣಾಗಿಬಿಟ್ಟಿದೆ, ಇನ್ನೂ ತಡಮಾಡಿದರೆ ಕಣ್ಣೇ ಹೋದೀತು ಎಂದು ಮಿರಜದ ಡಾಕ್ಟರು ಹೇಳಿದ್ದರು. ಎರಡು ಸಲ ದಿನ ಗೊತ್ತುಮಾಡಿದರೂ ಎರಡು ಸಲವೂ ಅತ್ತೆ ಹೊಸ್ತಿಲಿನಿಂದ ಹಿಂದೆ ಹೋಗಿದ್ದರು. ಮೊದಲ ಸಲ ಅವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಶೆಡ್ಡಿನೊಳಗಿನ ಮಗ್ಗದಿಂದ ಲಾಳಿ ಹಾರಿ ಬಂದು ಬಾಗಿಲಿಗೆ ಬಡಿಯಿತು. ಎರಡನೆಯ ಸಲ ಬಾಡಿಗೆಗೆ ತಂದ ಜೀಪಿನ ಟೈರು ನಮ್ಮ ಗೇಟಿನಲ್ಲೇ ಒಡೆಯಿತು. "ಇನ್ನ ಹೋದ್ರ ನಮ್ಮ ಗಾಡ್ಯಾಗ ಹೋಗಾಕಿ. ಅದಕ್ಕೂ ಏನರ ಆತಂದ್ರ ನನ್ನ ಕಣ್ಣಿನ ಸುದ್ದಿ ಮತ್ತ ತಗೀಬ್ಯಾಡ್ರಿ" ಎಂದು ಅತ್ತೆ ತೀರ್ಪು ಕೊಟ್ಟರು. ಮೂರನೆಯ ಸಲ ದಿನ ಗೊತ್ತಾಯಿತು. ಸೋಮವಾರ, ಬೆಳಿಗ್ಗೆ ಹತ್ತು ಗಂಟೆ.

ನಮ್ಮ ಗಾಡಿ ಎಂದರೆ ಮೂರು ಸಿಲಿಂಡರಿನ ಒಂದು ಸಣ್ಣ ಕಾರು. ಹುಬ್ಬಳ್ಳಿಯಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ನನ್ನ ಗಂಡ ತಂದಿದ್ದರು. ನಮ್ಮದು ಪಾವರ್‌ಲೂಮಿನ ಮನೆ. ಕಾರಿನ ಹಿಂದಿನ ಸೀಟಿನಲ್ಲಿ ಮನುಷ್ಯರಿಗಿಂತ ಸೀರೆಯ ಗಂಟುಗಳು ಹೆಚ್ಚು ಪ್ರಯಾಣ ಮಾಡಿದ್ದವು.

ಶುಕ್ರವಾರ ಸಂಜೆ ಗಂಡ ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸುವಾಗ ಶೆಡ್ಡಿನಿಂದ ಜಾಬರ್ ಕಾಕಾ ಹೊರಗೆ ಬಂದರು. ಮಗ್ಗಗಳ ರಿಪೇರಿ ಮಾಡುವವರಿಗೆ ನಮ್ಮ ಕಡೆ ಜಾಬರ್ ಎನ್ನುತ್ತಾರೆ. ಈ ಕಾಕಾ ಮೂವತ್ತು ವರ್ಷದಿಂದ ಅದೇ ಕೆಲಸದಲ್ಲಿದ್ದವರು. ಇಪ್ಪತ್ತು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಯಾವ ಮಗ್ಗದ ಯಾವ ಬೋಲ್ಟು ಸಡಿಲಾಗಿದೆ ಎಂದು ಚಹಾ ಕುಡಿಯುತ್ತ ಹೇಳುತ್ತಿದ್ದರು.

"ಮಾಲಕ್ರ, ಬಂದ್ ಮಾಡಬ್ಯಾಡ್ರಿ. ಗಾಡಿ ಎದಿಯಾಗ ಏನೋ ಪಟಪಟ ಅನ್ನಾಕತ್ತೈತಿ" ಎಂದರು.

ಬಾನೆಟ್ ತೆಗೆದು ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಟೈಮಿಂಗ್ ಬೆಲ್ಟು. ಹಲ್ಲುಗಳಿರುವ ಕಪ್ಪು ರಬ್ಬರಿನ ಪಟ್ಟಿ. ಕೆಳಗಿನ ಕ್ರ್ಯಾಂಕಿನ ಗಾಲಿಯಿಂದ ಮೇಲಿನ ಕ್ಯಾಮ್ ಗಾಲಿಗೆ ಓಟವನ್ನು ದಾಟಿಸುವುದು ಅದೇ. ಬೆನ್ನ ತುಂಬ ಬಿರುಕು. ಮೂರು ಹಲ್ಲು ಅರ್ಧ ಉದುರಿದ್ದವು. ಅದು ಹರಿದರೆ ಎಂಜಿನ್ ನಿಂತಲ್ಲೇ ನಿಲ್ಲುತ್ತದೆ. ತೇರದಾಳದ ಆಚೆ ಬಯಲಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು ನಿಂತ ಗಾಡಿಯನ್ನು ನಾವು ಮೂವರೂ ಒಟ್ಟಿಗೇ ಕಲ್ಪಿಸಿಕೊಂಡೆವು.

ಊರಿನ ಗ್ಯಾರೇಜಿನವನಿಗೆ ಜೀಪು, ಟ್ರ್ಯಾಕ್ಟರು ಗೊತ್ತು. ರಬ್ಬರಿನ ಪಟ್ಟಿಯಿಂದ ಓಡುವ ಎಂಜಿನ್ನನ್ನು ಅವನು ನಂಬುತ್ತಲೇ ಇರಲಿಲ್ಲ. "ಎಂಟ ದಿವಸ ಬಿಟ್ಟ ಬರ್ರಿ, ಬೆಳಗಾವ್ಯಾಗ ನಮ್ಮ ಷಡ್ಡಕ ಅದಾನ, ಕೇಳಿ ಹೇಳತೇನಿ" ಎಂದ. ಶನಿವಾರ ಗಂಡ ಬಸ್ಸು ಹತ್ತಿ ಸಾಂಗಲಿಗೆ ಹೋಗಿ ಹೊಸ ಬೆಲ್ಟು ತಂದರು. ರವಿವಾರ ಹಗಲೆಲ್ಲ ಕರೆಂಟು ಇರುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಮಗ್ಗಗಳು ಬಂದ್, ಕಾಕಾ ಖಾಲಿ. ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ರಿಪೇರಿ ಪುಸ್ತಕ ಒಂದಿತ್ತು. ಅದನ್ನು ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ಹೀಗೆ ನಮ್ಮ ತಂಡ ತಯಾರಾಯಿತು.

ಬೆಳಿಗ್ಗೆ ಎಂಟಕ್ಕೆ ಕೆಲಸ ಹಿಡಿದೆವು. ನಮ್ಮ ಅಂಗಳ ಮುಂಭಾಗಕ್ಕೆ ಸ್ವಲ್ಪ ಇಳಿಜಾರು. ಆ ತುದಿಗೆ ನೂಲಿಗೆ ಬಣ್ಣ ಹಾಕುವ ಸಿಮೆಂಟಿನ ತೊಟ್ಟಿ, ಮೊಣಕಾಲೆತ್ತರದ ಅಂಚು. ಗಾಡಿಯ ಮುಖ ಆ ಕಡೆಗೇ ಇತ್ತು. ಕಾಕಾ ಮೊದಲು ಎಲ್ಲ ಗಾಲಿಗಳಿಗೆ ಕಲ್ಲು ಕೊಟ್ಟರು. ಬ್ಯಾಟರಿಯ ವಾಯರು ಬಿಚ್ಚಿದರು. ಜ್ಯಾಕು ಹಚ್ಚಿ ಮುಂದಿನ ಒಂದು ಗಾಲಿ ಕಳಚಿ, ಕೆಳಗೆ ಹಳೆಯ ಮಗ್ಗದ ಸಾಗುವಾನಿ ತುಂಡುಗಳನ್ನು ಒಟ್ಟಿದರು. ಜ್ಯಾಕನ್ನು ನಂಬಿ ಗಾಡಿಯ ಕೆಳಗೆ ಕೈ ಹಾಕುವವರು ಮೂರ್ಖರು ಎಂದು ನಮಗೆ ಬೋಧನೆ ಮಾಡಿದರು. ಆ ಬೋಧನೆಯನ್ನು ನೆನೆಸಿದರೆ ಈಗ ನಗು ಬರುತ್ತದೆ.

"ಅಕ್ಕಾರ, ಓದ್ರಿ ಮುಂದಿಂದು" ಎಂದರು ಕಾಕಾ.

"ಕ್ಯಾಮ್‌ಶಾಫ್ಟಿನ ಪುಲ್ಲಿಯ ಮೇಲಿನ ಗುರುತನ್ನು ಹಿಂಬದಿಯ ತಗಡಿನ ಗುರುತಿನೊಂದಿಗೆ ಸರಿಹೊಂದಿಸತಕ್ಕದ್ದು."

"ಅದನ್ನ ಕನ್ನಡದಾಗ ಓದ್ರಿ."

"ಕನ್ನಡದಾಗನ ಓದಾಕತ್ತೇನಿ ಕಾಕಾ."

"ಹಂಗಾರ ಬನಹಟ್ಟಿ ಕನ್ನಡದಾಗ ಓದ್ರಿ."

ಮೊದಲ ತೊಡಕು ಕೆಳಗಿನ ಕ್ರ್ಯಾಂಕ್ ಪುಲ್ಲಿಯ ಬೋಲ್ಟು. ಪಾನಾ, ಅಂದರೆ ಸ್ಪ್ಯಾನರು, ಹಾಕಿ ತಿರುಗಿಸಿದರೆ ಬೋಲ್ಟಿನ ಜೊತೆ ಇಡೀ ಎಂಜಿನ್ನೇ ತಿರುಗುತ್ತಿತ್ತು. ಉಪಾಯ ಪುಸ್ತಕದಲ್ಲೇ ಇತ್ತು: ಗಾಡಿಯನ್ನು ಮೇಲಿನ ಗೇರಿಗೆ ಹಾಕಿ ಒಬ್ಬರು ಬ್ರೇಕು ಒತ್ತಿ ಕೂರಬೇಕು; ಗಾಲಿ ತಿರುಗದಿದ್ದರೆ ಎಂಜಿನ್ನೂ ತಿರುಗುವುದಿಲ್ಲ. ನಾಲ್ಕನೆಯ ಗೇರು ಹಾಕುವುದು ಮತ್ತು ಬ್ರೇಕು ಒತ್ತುವುದು ನನ್ನ ಕೆಲಸವಾಯಿತು. ಆಮೇಲೆ ಗೇರು ತೆಗೆಯುವುದೂ ನನ್ನ ಕೆಲಸವೇ ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಪಾನಾದ ಹಿಡಿಕೆಗೆ ಮಗ್ಗದ ಬೀಮು ಎತ್ತುವ ಉದ್ದನೆಯ ಪೈಪು ಸಿಗಿಸಿದರು. ನಾನು ಸೀಟಿನಿಂದಲೇ ಸನ್ನೆಗೋಲಿನ ನಿಯಮ ಹೇಳಿದೆ: ಪೈಪು ಉದ್ದ ಆದಷ್ಟೂ ಬಲ ಕಡಿಮೆ ಸಾಕು. ಗಂಡ ಮತ್ತು ಕಾಕಾ ಇಬ್ಬರೂ ಪೈಪಿಗೆ ಜೋತುಬಿದ್ದರು. ಏನೂ ಆಗಲಿಲ್ಲ. ಇನ್ನೊಮ್ಮೆ ಜೋತುಬಿದ್ದಾಗ ಬೋಲ್ಟು ಒಮ್ಮೆಲೇ ಬಿಟ್ಟುಕೊಟ್ಟಿತು. ಇಬ್ಬರೂ ಅಂಗಾತ ಬಿದ್ದರು.

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಕೇಳಿದರು: "ಏನ ಬಿತ್ತ ಬೇ?"

"ಏನಿಲ್ರಿ, ಬೋಲ್ಟ್ ಬಂತ್ರಿ."

"ಬೋಲ್ಟ್ ಅಯ್ಯಯ್ಯೋ ಅಂತೈತೇನ?"

ಅತ್ತೆಗೆ ಗಾಡಿ ಒಂದು ಬಿಳಿಯ ಮಬ್ಬಾಗಿ, ನಾವು ಅದರ ಸುತ್ತ ಓಡಾಡುವ ನೆರಳುಗಳಾಗಿ ಕಾಣುತ್ತಿದ್ದೆವು. ಕಿವಿಯಿಂದ ಮಾತ್ರ ಏನೂ ತಪ್ಪುತ್ತಿರಲಿಲ್ಲ. ಇದನ್ನು ನಾವು ಆವತ್ತು ಲೆಕ್ಕಕ್ಕೆ ಹಿಡಿಯಲಿಲ್ಲ.

ಮುಚ್ಚಳಗಳೆಲ್ಲ ಕಳಚಿ ಬಂದ ಮೇಲೆ ಕಾಕಾ ಮೇಲಿನ ಗಾಲಿಯ ಹಲ್ಲು ಎಣಿಸಿದರು, ಕೆಳಗಿನದರ ಹಲ್ಲು ಎಣಿಸಿದರು. ಸರಿಯಾಗಿ ಇಮ್ಮಡಿ. ಅವರ ಮುಖ ಅರಳಿತು.

"ಅಕ್ಕಾರ, ಇದು ಮಗ್ಗನ! ನಮ್ಮಲ್ಲೆ ಮ್ಯಾಲಿನ ಶಾಫ್ಟ್ ಎರಡ ಸುತ್ತ ತಿರಗಿದ್ರ ಕೆಳಗಿಂದು ಒಂದ ಸುತ್ತ. ಇವರು ಮಗ್ಗಾನ ತಲಿಕೆಳಗ ಮಾಡಿ ಗಾಡ್ಯಾಗ ತುರಕ್ಯಾರ. ಇನ್ನ ನಿಮ್ಮ ಪುಸ್ತಕ ಮುಚ್ಚಿದ್ರೂ ನಡೀತೈತಿ."

ಅದು ಬರೀ ಬಡಾಯಿ ಆಗಿರಲಿಲ್ಲ. ಸೀರೆಯ ಅಂಚಿನ ಕೆಂಪು ನೂಲು ತಂದು ಹಳೆಯ ಬೆಲ್ಟಿನ ಹಲ್ಲಿಗೆ, ಎರಡೂ ಗಾಲಿಯ ಗುರುತಿಗೆ ನೇಕಾರರ ಗಂಟು ಹಾಕಿದರು. ಬೆಲ್ಟು ಕಳಚಿ ನೆಲದ ಮೇಲಿಟ್ಟು, ಮಗ್ಗದ ಹಾಸಿನ ಉದ್ದೆಳೆ ಎಣಿಸುವ ಹಾಗೆ ಗಂಟಿನಿಂದ ಗಂಟಿಗೆ ಹಲ್ಲು ಎಣಿಸಿ, ಹೊಸದರ ಮೇಲೆ ಅಷ್ಟೇ ಎಣಿಸಿ ನೂಲು ಕಟ್ಟಿದರು. ಹೊಸ ಬೆಲ್ಟು ಏರಿಸಿ ಅದನ್ನು ಬಿಗಿಹಿಡಿಯುವ ಟೆನ್ಶನರ್ ಗಾಲಿಯ ನಟ್ಟು ಕಟ್ಟಿದರು. ನಾನು ಗೇರು ತೆಗೆದು ನ್ಯೂಟ್ರಲ್ ಮಾಡಿದೆ. ಆ ಸಲ ಮಾಡಿದೆ, ಚೆನ್ನಾಗಿ ನೆನಪಿದೆ. ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದರೆ ಕೆಳಗಿನ ಗುರುತು ಸರಿ. ಮೇಲಿನದು ಒಂದು ಹಲ್ಲು ಆಚೆ.

ಹೊತ್ತು ಮಧ್ಯಾಹ್ನ ದಾಟಿತ್ತು. ಗಂಡನಿಗೆ ಹಸಿವಾಗಿತ್ತು.

"ಒಂದ ಹಲ್ಲಿಗೆ ಏನಾಗತೈತಿ ಕಾಕಾ? ನಮ್ಮವ್ವಗ ಎಂಟ ಹಲ್ಲ ಇಲ್ಲ, ರೊಟ್ಟಿ ತಿನ್ನೂದಿಲ್ಲೇನು?"

"ನನ್ನ ಹಲ್ಲಿನ ಸುದ್ದಿಗೆ ಬರಬ್ಯಾಡ ಲೇ!" ಕಟ್ಟೆಯಿಂದ ಕೂಗು ಬಂತು.

ಕಾಕಾ ಪಾನಾ ಕೆಳಗಿಟ್ಟು ಕೇಳಿದರು: "ಮಾಲಕ್ರ, ಲಾಳಿ ಹಾಸಿನ ನಡುವ ಇದ್ದಾಗನ ಹಾಸು ಮುಚ್ಚಿಕೊಂಡ್ರ ಏನಾಗತೈತ್ರಿ?"

ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾಳಿ ಸಿಕ್ಕಿಹಾಕಿಕೊಂಡು ನೂರಾರು ಎಳೆ ಒಟ್ಟಿಗೆ ಹರಿಯುತ್ತವೆ. ಒಂದೊಂದನ್ನೇ ಗಂಟುಹಾಕುತ್ತ ಎರಡು ದಿನ ಕೂರಬೇಕು.

"ಇಲ್ಲಿ ಹಂಗ ತಾಳ ತಪ್ಪಿ ಏನರ ಮುರದ್ರ ಗಂಟ ಹಾಕಾಕೂ ಬರೂದಿಲ್ಲ. ತಗೀರಿ, ಮೊದಲಿಂದ ಮಾಡೂಣು."

ಹಾಗೆ ಎಲ್ಲವನ್ನೂ ಮತ್ತೆ ಬಿಚ್ಚಿದೆವು. ಆ ದಿನ ತೆಗೆದುಕೊಂಡ ಒಂದೇ ಒಂದು ಬುದ್ಧಿವಂತ ತೀರ್ಮಾನ ಅದು. ತೆಗೆದುಕೊಂಡವರು ಇಂಗ್ಲಿಷ್ ಬಾರದವರು. ನಾನು ಪುಸ್ತಕವನ್ನು ಮತ್ತೊಮ್ಮೆ ಓದಿದಾಗ ಹಾಳೆಯ ಮಡಿಕೆಯಲ್ಲಿ ಒಂದು ಸಾಲು ಸಿಕ್ಕಿತು. ಬೆಲ್ಟಿನ ಸಡಿಲೆಲ್ಲ ಟೆನ್ಶನರಿನ ಕಡೆಗೇ ಬರುವಂತೆ ಇನ್ನೊಂದು ಕಡೆಯನ್ನು ಎಳೆದು ಕೂರಿಸಿ, ಆಮೇಲೆ ನಟ್ಟು ಬಿಗಿಯಬೇಕು. ಆ ಸಾಲನ್ನು ನಾನು ಹಾರಿಸಿದ್ದೆ. ಒಪ್ಪಿಕೊಂಡೆ. "ಸಾಲಿ ಕಲಿಸೋರ ಹಾರಿಸಿದ್ರ ಹೆಂಗ್ರಿ ಅಕ್ಕಾರ" ಎಂದು ಕಾಕಾ ನಕ್ಕರು.

ಎರಡನೆಯ ಸಲ ಎರಡು ಸುತ್ತಿನ ಮೇಲೆ ಕೆಂಪು ನೂಲುಗಳು ಎಳೆ ಹಿಡಿದಂತೆ ಸರಿಯಾಗಿ ನಿಂತವು. ನಾಲ್ಕು ಸುತ್ತು ತಿರುಗಿಸಿದರೂ ಹಾಗೇ ನಿಂತವು. ನೂಲು ಬಿಚ್ಚಿ, ಮುಚ್ಚಳ ಹಾಕಿ, ಕ್ರ್ಯಾಂಕ್ ಪುಲ್ಲಿ ಕೂರಿಸಿದರು. ಕೊನೆಯ ಬೋಲ್ಟು ಬಿಗಿಯಲು ನಾನು ಮತ್ತೆ ಹತ್ತಿ ಕೂತು ನಾಲ್ಕನೆಯ ಗೇರು ಹಾಕಿ ಬ್ರೇಕು ಒತ್ತಿದೆ. ಪೈಪು ಕಿರುಗುಟ್ಟಿತು. "ಆತ್ರಿ!" ಎಂದರು ಕಾಕಾ.

ಅದೇ ಹೊತ್ತಿಗೆ ಅತ್ತೆ ಕರೆದರು: "ಪೂಜಿ ತಾಟ ಎಲ್ಲೈತಿ ಬೇ?"

ನಾನು ಇಳಿದು ಒಳಗೆ ಹೋದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮಗ್ಗಕ್ಕೆ ಹೊಸ ಹಾಸು ಏರಿಸಿದಾಗ, ರಿಪೇರಿಯಾದ ಮಗ್ಗ ಮತ್ತೆ ಓಡುವಾಗ, ಮೊದಲ ಹಿಡಿಕೆ ಎಳೆಯುವುದು ಅತ್ತೆಯ ಕೈ. ನಲವತ್ತು ವರ್ಷದಿಂದ ಅದು ತಪ್ಪಿಲ್ಲ. ಗಾಡಿಯನ್ನೂ ತಾವೇ ಚಾಲೂ ಮಾಡದಿದ್ದರೆ ನಾಳೆ ಅದರಲ್ಲಿ ಕೂರುವುದಿಲ್ಲ ಎಂದು ಅತ್ತೆ ಮೊದಲೇ ಹೇಳಿದ್ದರು. ಕೀಲಿ ತಿರುಗಿಸುವುದು ತಾನೆ, ಏನಾಗುತ್ತದೆ ಎಂದು ನಾವು ಮೂವರೂ ಒಪ್ಪಿದ್ದೆವು.

ನಾನು ಕುಂಕುಮ, ಊದಿನಕಡ್ಡಿ ಹುಡುಕಿ ತಾಟು ಹಿಡಿದು ಹೊರಗೆ ಬರುವಷ್ಟರಲ್ಲಿ ಗಾಲಿ ಹಾಕಿ ಗಾಡಿ ಇಳಿಸಿದ್ದರು. ಬ್ಯಾಟರಿ ಜೋಡಿಸಿದ್ದರು. ಗಾಲಿಗಳ ಮುಂದಿನ ಕಲ್ಲು ತೆಗೆದು ಆ ಜಾಗದಲ್ಲಿ ನಾಲ್ಕು ಲಿಂಬೆಹಣ್ಣು ಇಟ್ಟಿದ್ದರು.

ಇದನ್ನು ನಾನು ನೂರು ಸಲವಾದರೂ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಇಳಿಜಾರಿನ ಅಂಗಳದಲ್ಲಿ ಕಲ್ಲು ತೆಗೆದು ಲಿಂಬೆಹಣ್ಣು ಇಟ್ಟ ಗಾಡಿ. ಅದರ ಮುಂದೆ ತೊಟ್ಟಿಗೆ ಬೆನ್ನು ಮಾಡಿ, ತೆಂಗಿನಕಾಯಿ ಹಿಡಿದು ಕುಕ್ಕರುಗಾಲಲ್ಲಿ ಕೂತ ಕಾಕಾ. ಚಾಲಕನ ಕಿಟಕಿಯ ಹೊರಗೆ ಅತ್ತೆ. ಅವರ ಕೈ ಹಿಡಿದು ಒಳಗಿನ ಕೀಲಿಗೆ ತಾಗಿಸುತ್ತಿರುವ ಗಂಡ. ಮೆಟ್ಟಿಲ ಮೇಲೆ ತಾಟು ಹಿಡಿದ ನಾನು. ನನ್ನಿಂದ ಗಾಡಿಗೆ ಎಂಟು ಹೆಜ್ಜೆ.

"ಅಕ್ಕಾರ, ನ್ಯೂಟ್ರಲ್ ಐತಿಲ್ರಿ?" ಕಾಕಾ ಕೂತಲ್ಲಿಂದಲೇ ಕೇಳಿದರು.

"ಐತ್ರಿ ಕಾಕಾ" ಎಂದೆ. ಎಂಟು ಹೆಜ್ಜೆ ನಡೆಯಲಿಲ್ಲ. ಕಡ್ಡಿಗೆ ಬೆಂಕಿ ಹಚ್ಚುತ್ತಿದ್ದೆ.

ಗಂಡ ಚೋಕು ಎಳೆದರು. ಅತ್ತೆ ಕೀಲಿ ತಿರುಗಿಸಿದರು. ಮಗ್ಗದ ಹಿಡಿಕೆ ಎಳೆದವರು ಅದು ಓಟ ಹಿಡಿಯುವವರೆಗೆ ಕೈ ಬಿಡುವುದಿಲ್ಲ. ಅತ್ತೆಯೂ ಬಿಡಲಿಲ್ಲ. ಗಾಡಿ ಒಮ್ಮೆ ಕುಪ್ಪಳಿಸಿತು. ಇನ್ನೊಮ್ಮೆ ಕುಪ್ಪಳಿಸುವಾಗ ಎಂಜಿನ್ ಹತ್ತಿಕೊಂಡಿತು, ಇಳಿಜಾರು ಕೈಜೋಡಿಸಿತು, ಲಿಂಬೆಹಣ್ಣುಗಳು ಪಚ್ ಎಂದವು. ಗಂಡ ಅವ್ವನನ್ನು ಸೊಂಟಕ್ಕೆ ಕೈಹಾಕಿ ಎಳೆದುಕೊಂಡರು. ಕಾಕಾ ಎದ್ದು ಹಿಂದಕ್ಕೆ ಜಿಗಿದರು. ತೊಟ್ಟಿಯ ಅಂಚು ಕಾಲಿಗೆ ತಾಗಿ, ಕಾಯಿಯ ಸಮೇತ ಧಬಲ್ ಎಂದು ಒಳಗೆ ಹೋದರು. ಅವರ ಕಾಲು ಇದ್ದ ಜಾಗಕ್ಕೆ ಬಂಪರು ಹೋಗಿ ಬಡಿಯಿತು. ಎಂಜಿನ್ ನಿಂತಿತು.

ನಾನು ಮೆಟ್ಟಿಲ ಮೇಲೆ ಬಲಗಾಲನ್ನು ಬಲವಾಗಿ ಒತ್ತಿಕೊಂಡು ನಿಂತಿದ್ದೆ.

ಆಮೇಲೆ ತೊಟ್ಟಿಯಿಂದ ಕಾಕಾ ಎದ್ದರು. ತಲೆಯಿಂದ ಕೆಂಪು ಧಾರೆಯಾಗಿ ಇಳಿಯುತ್ತಿತ್ತು. ಮುಖ ಕೆಂಪು, ಅಂಗಿ ಕೆಂಪು, ಕೈ ಕೆಂಪು. ನನ್ನ ಕೈಯಿಂದ ತಾಟು ಬಿತ್ತು. ಮನುಷ್ಯನ ಮೈಯಲ್ಲಿ ಐದು ಲೀಟರು ರಕ್ತವಿರುತ್ತದೆ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ; ಅದಷ್ಟೂ ಹೊರಗೆ ಬಂದಿದೆ ಎಂದುಕೊಂಡೆ. ಅದು ಹಿಂದಿನ ದಿನ ಸೀರೆಯ ಅಂಚಿಗೆಂದು ಕಲಸಿ, ನೂಲು ಅದ್ದಿ ಉಳಿದಿದ್ದ ಬಣ್ಣದ ನೀರು ಎಂದು ತಲೆಗೆ ಹೊಳೆಯಲು ಎಷ್ಟು ಹೊತ್ತಾಯಿತೋ ತಿಳಿಯದು.

ಕಾಕಾ ಕಣ್ಣೊರೆಸಿಕೊಂಡು ಮೊದಲು ಗಾಡಿಯನ್ನು ನೋಡಿದರು.

"ಕೇಳಿದ್ರಿಲ್ರಿ ಮಾಲಕ್ರ? ಎರಡನೇ ಹೊಡತಕ್ಕ ಹಿಡೀತು. ಟೈಮಿಂಗ್ ಬರೋಬ್ಬರಿ ಐತಿ."

"ಏನಪಾ ಅದು, ಧಬಲ್ ಅಂತು?" ಮಗನ ತೋಳಿನಲ್ಲಿದ್ದ ಅತ್ತೆ ಕೇಳಿದರು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹಾರಿದ ಲಾಳಿಗೆ, ಒಡೆದ ಟೈರಿಗೆ ಹಿಂದೆ ಹೋದವರು ತಮ್ಮ ಕೈಯಿಂದಲೇ ಒಬ್ಬ ಮನುಷ್ಯ ಹೋಗುತ್ತಿದ್ದ ಎಂದು ತಿಳಿದರೆ ನಾಳೆ ಹೊಸ್ತಿಲು ದಾಟಲು ಸಾಧ್ಯವೇ ಇರಲಿಲ್ಲ. ಕಾಕಾ ಕೆಂಪು ಬೆರಳನ್ನು ತುಟಿಗೆ ಒತ್ತಿ ನಮಗೆ ಸನ್ನೆ ಮಾಡಿದರು.

"ಕಾಯಿ ಒಡದ್ನಿರಿ ಆಯೀ."

"ಇಷ್ಟ ದೊಡ್ಡ ಕಾಯೇನು?"

"ನೀರ ಭಾಳ ಇತ್ರಿ ಅದರಾಗ."

ಗಾಡಿಯನ್ನು ಹಿಂದಕ್ಕೆ ತಳ್ಳುವ ಮೊದಲು ನಾನು ಕಿಟಕಿಯಿಂದ ಬಗ್ಗಿ, ಯಾರಿಗೂ ಕಾಣದಂತೆ, ಇನ್ನೂ ನಾಲ್ಕನೆಯದರಲ್ಲೇ ಇದ್ದ ಗೇರು ತೆಗೆದೆ. ಬಂಪರು ಒಳಗೆ ಹೋಗಿತ್ತು. ಉಳಿದದ್ದಕ್ಕೆ ಏನೂ ಆಗಿರಲಿಲ್ಲ. ಗಂಡ ಹ್ಯಾಂಡ್‌ಬ್ರೇಕು ಎಳೆಯದ್ದಕ್ಕೆ ತಮ್ಮನ್ನು ಬೈದುಕೊಂಡರು. ಕಾಕಾ ಕಲ್ಲು ತೆಗೆದದ್ದಕ್ಕೆ ತಮ್ಮನ್ನು ಬೈದುಕೊಂಡರು. ಹೊಸ ಬೆಲ್ಟು ಮೊದಲ ಸಲ ಒದೆಯುತ್ತದೆ ಎಂದೂ ಒಂದು ಸಿದ್ಧಾಂತ ಮಾಡಿದರು. ನಾನು ಇಬ್ಬರನ್ನೂ ಸಮಾಧಾನ ಮಾಡಿದೆ.

ಮರುದಿನ ಬೆಳಿಗ್ಗೆ ಹೊರಟೆವು. ದಾರಿಯಲ್ಲಿ ಬೇಕಾದೀತು ಎಂದು ಕಾಕಾ ಪಾನಾದ ಚೀಲ ಹಿಡಿದು ಮುಂದೆ ಕೂತರು. ಸಾಬೂನು, ಸೀಮೆಎಣ್ಣೆ, ಕಡಲೆಹಿಟ್ಟು ಎಲ್ಲ ತಿಕ್ಕಿದರೂ ಅವರ ಬಣ್ಣ ಹೋಗಿರಲಿಲ್ಲ. ನಮ್ಮದು ಪಕ್ಕಾ ಬಣ್ಣ ಎಂದು ಗಂಡ ಗಿರಾಕಿಗಳಿಗೆ ಹೇಳುತ್ತಿದ್ದದ್ದು ಖರೆ ಎಂದು ಆವತ್ತು ಗೊತ್ತಾಯಿತು. ಮಿರಜದ ಆಸ್ಪತ್ರೆಯ ಬಾಗಿಲಲ್ಲಿ ನಮ್ಮನ್ನು ನೋಡಿದ ಕಂಪೌಂಡರು ಅತ್ತೆಯನ್ನು ಬಿಟ್ಟು ಕಾಕಾನ ತೋಳು ಹಿಡಿದು, ಸುಟ್ಟ ಗಾಯದವರು ಆ ಕಡೆ ಎಂದು ಎಳೆದುಕೊಂಡು ಹೊರಟ. "ನಾ ಸುಟ್ಟಿಲ್ರೀ, ನಾ ಬಣ್ಣದಾಗ ಅದೇನಿ" ಎಂದು ಕಾಕಾ ಕೂಗಿದರು. ಅತ್ತೆ ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದರು. ಹತ್ತು ಗಂಟೆಗೆ ಸರಿಯಾಗಿ ಅವರನ್ನು ಒಳಗೆ ಕರೆದರು.

ಮೂರನೆಯ ದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಕೊಟ್ಟು ಕಳಿಸಿದರು. ಅತ್ತೆ ಒಬ್ಬರೇ ಮೆಟ್ಟಿಲಿಳಿದು ಗಾಡಿಯ ಹತ್ತಿರ ಬಂದರು. ಕನ್ನಡಕವನ್ನು ಸ್ವಲ್ಪ ಎತ್ತಿ ಒಳಸರಿದ ಬಂಪರನ್ನು ನೋಡಿದರು. ಕಾಕಾನ ಕಿವಿ ನೋಡಿದರು. ಕಿವಿಯ ಸಂದಿಯಲ್ಲಿ ಇನ್ನೂ ಕೆಂಪು ಇತ್ತು.

"ಕಾಯಾಗ ಇಷ್ಟ ಬಣ್ಣ ಇತ್ತೇನಪಾ?"

ಕಾಕಾ ತಲೆ ಕೆರೆದುಕೊಂಡರು.

"ನನಗ ಕಣ್ಣ ಇದ್ದಿದ್ದಿಲ್ಲ, ಕಿವಿ ಇದ್ವು. ನಾ ಅವತ್ತ ಬಾಯಿ ಬಿಟ್ಟಿದ್ರ ನೀವು ಮೂರೂ ಮಂದಿ ಹೆದರಿ ಗಾಡಿ ತಗೀತಿದ್ದಿಲ್ಲ. ನನಗ ಕಣ್ಣ ಬೇಕಾಗಿತ್ತು." ಕಾಕಾನ ಭುಜಕ್ಕೆ ಕೈಯಿಟ್ಟರು. "ಕಾಲಿಗೆ ಏನ ಆಗಿಲ್ಲಲ್ಲ?"

"ಇಲ್ರಿ ಆಯೀ."

ಎಲ್ಲರೂ ಕೂತೆವು. ಗಂಡ ಕೀಲಿಗೆ ಕೈ ಹಾಕಿದರು. ಹಿಂದಿನ ಸೀಟಿನಲ್ಲಿ ನನ್ನ ಬಲಗಾಲು ನೆಲ ಒತ್ತಿತು.

"ತಡಿ" ಎಂದರು ಅತ್ತೆ. ಕಪ್ಪು ಕನ್ನಡಕ ನಿಧಾನವಾಗಿ ನನ್ನ ಕಡೆ ತಿರುಗಿತು. "ನ್ಯೂಟ್ರಲ್ ಐತೇನ ಬೇ?"

"ಐತ್ರಿ" ಎಂದೆ.

"ಈ ಸಲ ಎದ್ದು ನೋಡಿ ಹೇಳ."